ನಿಲ್ಲುವ ಜಾಗ ಮೊದಲು, ಕ್ಯಾಮೆರಾ ಆಮೇಲೆ: ಕಾಸರಗೋಡು ಲೈನಲ್ಲಿ ರೈಲು ಫೋಟೋ ತೆಗಿಯೋರಿಗೆ

ತಂಗಿ ಮಗ ಈ ಸಲ ಪ್ಲಸ್ ಟೂ ಮುಗಿಸಿದ. ರಜೆಯಲ್ಲಿ ಅಡಿಕೆ ಸುಲಿದ ದುಡ್ಡು, ಅಜ್ಜ ಕೊಟ್ಟದ್ದು, ವಿಷುವಿಗೆ ಸಿಕ್ಕಿದ ಕೈನೀಟ ಎಲ್ಲ ಒಟ್ಟು ಮಾಡಿ ಕ್ಯಾಮೆರಾ ತಗೊಳ್ಬೇಕಂತೆ. "ಮಾವ, ರೈಲು ಫೋಟೋಕ್ಕೆ ಕ್ಯಾನನ್ ಒಳ್ಳೇದಾ ನಿಕಾನ್ ಒಳ್ಳೇದಾ ಹೇಳಿ" ಅಂತ ವಾರಕ್ಕೆ ಮೂರು ಸಲ ಫೋನು. ನಾನು ಕೇಳಿದೆ, ನೀನು ನಿಲ್ಲುದು ಎಲ್ಲಿ ಅಂತ ಮೊದಲು ಹೇಳು ಮಾರಾಯ. ಅವನಿಗೆ ಸಿಟ್ಟು ಬಂತು, ನಾನು ಮಾತು ತಪ್ಪಿಸ್ತಾ ಇದ್ದೇನೆ ಅಂತ ಎಣಿಸಿದ. ಆದ್ರೆ ಹತ್ತು-ಹನ್ನೆರಡು ವರ್ಷ ಗೇಟು, ಓವರ್ ಬ್ರಿಡ್ಜು, ಹೊಳೆ ಬದಿ ಅಂತ ಅಲೆದು ಎರಡು ಕ್ಯಾಮೆರಾ ಮೂರು ಲೆನ್ಸು ಹಾಳು ಮಾಡಿಕೊಂಡವ ನಾನು, ಜಾಗ ಆರಿಸದೆ ಕ್ಯಾಮೆರಾ ಆರಿಸಿದ್ರೆ ದುಡ್ಡು ದಂಡ ಅಂತ ಗೊತ್ತುಂಟು. ಹಾಗಾಗಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತೇನೆ, ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಯಾರಿಗಾದ್ರೂ ಉಪಯೋಗಕ್ಕೆ ಬಂದೀತು.

ಮೂಡು ಬದಿಯಾ ಪಡು ಬದಿಯಾ

ಇದು ಎಲ್ಲದಕ್ಕಿಂತ ದೊಡ್ಡ ಆಯ್ಕೆ, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಮ್ಮ ಲೈನು ಹೆಚ್ಚುಕಡಿಮೆ ತೆಂಕು-ಬಡಗು ಹೋಗ್ತದೆ, ಪಡುವಿಗೆ ಕಡಲು ಮೂಡಕ್ಕೆ ಗುಡ್ಡೆ. ಅಂದ್ರೆ ಬೆಳಗ್ಗಿನ ಬಿಸಿಲು ಬೋಗಿಯ ಮೂಡು ಮೈಗೆ ಬೀಳ್ತದೆ, ಸಂಜೆಯದ್ದು ಕಡಲಿನ ಕಡೆಯ ಮೈಗೆ. ಬೆಳಗ್ಗೆ ಕಡಲಿನ ಬದಿಯಲ್ಲಿ ನಿಂತ್ರೆ ಎಂಜಿನ್ ಕಪ್ಪು, ಆಕಾಶ ಬಿಳಿ, ಆಮೇಲೆ ಎಷ್ಟು ಎಡಿಟ್ ಮಾಡಿದ್ರೂ ಅಷ್ಟೇ.

ಇಲ್ಲಿಗೆ ಮುಗಿಯೋದಿಲ್ಲ. ಡಬಲ್ ಲೈನಲ್ಲಿ ನಮ್ಮ ದೇಶದ ಗಾಡಿಗಳು ಎಡಕ್ಕೆ ಓಡ್ತವೆ, ರಸ್ತೆಯ ಹಾಗೆಯೇ. ಮಂಗಳೂರಿಗೆ ಹೋಗುವ ಗಾಡಿಗೆ ಎಡ ಅಂದ್ರೆ ಪಡುವು, ಹಾಗಾಗಿ ಅದು ಕಡಲಿನ ಕಡೆಯ ಹಳಿಯಲ್ಲಿ ಬರ್ತದೆ, ಕಣ್ಣೂರಿಗೆ ಹೋಗುದು ಮೂಡು ಬದಿಯ ಹಳಿಯಲ್ಲಿ. ಇದನ್ನು ಬಿಸಿಲಿನ ಲೆಕ್ಕಕ್ಕೆ ಜೋಡಿಸಿ ನೋಡಿ: ಬೆಳಗ್ಗೆ ಮೂಡು ಬದಿ ನಿಂತು ತೆಂಕಿಗೆ ಹೋಗುವ ಗಾಡಿ, ಸಂಜೆ ಪಡು ಬದಿ ನಿಂತು ಬಡಗಿಗೆ ಹೋಗುವ ಗಾಡಿ. ಎರಡೂ ನಿಮ್ಮ ಹತ್ರದ ಹಳಿಯಲ್ಲೇ ಬರ್ತವೆ, ಮಧ್ಯದಲ್ಲಿ ಅಡ್ಡ ಎಂತದ್ದೂ ಇಲ್ಲ. ಉಲ್ಟಾ ಮಾಡಿದ್ರೆ ದೂರದ ಹಳಿಯ ಗಾಡಿಗೆ ಕಾಯ್ಬೇಕು, ಸರಿಯಾಗಿ ಆ ಹೊತ್ತಿಗೇ ಹತ್ರದ ಹಳಿಯಲ್ಲಿ ಒಂದು ಗೂಡ್ಸು ಬಂದು ಅಡ್ಡ ನಿಲ್ತದೆ. ರೈಲು ಹುಚ್ಚಿನವರು ಇದಕ್ಕೆ ಬೌಲ್ಡ್ ಆದೆ ಅಂತಾರೆ. ಒಂದು ತಾಸು ಕಾದು ಬೌಲ್ಡ್ ಆಗುವ ಸಂಕಟ ಆದವನಿಗೇ ಗೊತ್ತು.

ವಂದೇ ಭಾರತ್ ಉದಾಹರಣೆ ತಗೊಳ್ಳಿ, ಯಾಕಂದ್ರೆ ಹೊಸಬರೆಲ್ಲ ಮೊದಲು ಅದರ ಹಿಂದೆಯೇ ಬೀಳ್ತಾರೆ. ಕಾಸರಗೋಡು-ತಿರುವನಂತಪುರ ಮೊದಲನೆಯದ್ದು 2023 ಏಪ್ರಿಲ್ 25ಕ್ಕೆ ಶುರುವಾದ್ದು, ಎರಡನೆಯದ್ದು ಅದೇ ವರ್ಷ ಸೆಪ್ಟೆಂಬರ್ 24ಕ್ಕೆ, ದೇಶದಲ್ಲಿ ಕೇಸರಿ ಬಣ್ಣದ್ದು ಮೊದಲು ಓಡಿದ್ದು ಅದುವೇ, ಆಮೇಲೆ ಅದನ್ನು ಮಂಗಳೂರಿಗೆ ಎಳೆದ್ರು. ಈ ಮಂಗಳೂರಿನದ್ದು ಬೆಳಗ್ಗೆ ಬೇಗ ಹೊರಟು ಏಳು ಗಂಟೆ ಆಸುಪಾಸಿಗೆ ನಮ್ಮಲ್ಲಿ ತೆಂಕಿಗೆ ದಾಟ್ತದೆ, ವಾಪಸ್ ಬರುದು ನಡುರಾತ್ರಿ, ಹಾಗಾಗಿ ಫೋಟೋಕ್ಕೆ ಬೆಳಗ್ಗಿನದ್ದೊಂದೇ ಗತಿ. ಮೂಡು ಬದಿ, ಹತ್ರದ ಹಳಿ, ಬೆನ್ನಿಗೆ ಬಿಸಿಲು. ಆದ್ರೆ ಜನವರಿಯಲ್ಲಿ ಆ ಹೊತ್ತಿಗೆ ಸೂರ್ಯ ಗುಡ್ಡೆ ಹತ್ತಿರೋದೇ ಇಲ್ಲ, ಹತ್ತಿದ್ರೂ ತೆಂಗಿನ ತೋಟದ ಆಚೆ ಇರ್ತಾನೆ. ಅದಕ್ಕೆ ಏಪ್ರಿಲ್-ಮೇ ಬೇಕು, ಅದೂ ಮೂಡಕ್ಕೆ ಗದ್ದೆ ಬಯಲು ಇರುವ ಜಾಗ ಹುಡುಕ್ಬೇಕು. ಕಾಸರಗೋಡಲ್ಲೇ ಮುಗಿದು ಮಧ್ಯಾಹ್ನ ವಾಪಸ್ ಹೊರಡುವ ಇನ್ನೊಂದಕ್ಕೆ ಲೆಕ್ಕ ಉಲ್ಟಾ. ಏಪ್ರಿಲ್ ಕೊನೆಗೆ ನಟ್ಟ ಮಧ್ಯಾಹ್ನ ನಮ್ಮ ತಲೆ ಮೇಲೆಯೇ ಸೂರ್ಯ, ಗಾಡಿಯ ಮೂತಿ ನೆರಳಲ್ಲಿ ಮುಳುಗಿರ್ತದೆ. ಡಿಸೆಂಬರಲ್ಲಿ ಸೂರ್ಯ ತೆಂಕಿಗೆ ವಾಲಿ ಇರ್ತಾನಲ್ಲ, ಆಗ ತೆಂಕಿಗೆ ಮುಖ ಮಾಡಿ ಹೊರಡುವ ಗಾಡಿಯ ಮೂತಿಗೆ ನೇರ ಬೆಳಕು. ಟೈಮ್ ಆಗಾಗ ಬದಲಾಗ್ತದೆ, ಹಿಂದಿನ ದಿನ ವೇರ್ ಈಸ್ ಮೈ ಟ್ರೈನ್ ಆಪಲ್ಲಿ ನೋಡಿಯೇ ಹೊರಡಿ.

ಪ್ಲಾಟ್‌ಫಾರ್ಮು, ಗೇಟು, ಓವರ್ ಬ್ರಿಡ್ಜು, ಹೊಳೆ ಬದಿ

ಪ್ಲಾಟ್‌ಫಾರ್ಮ್ ಸುಲಭದ ದಾರಿ. ಹತ್ತು ರೂಪಾಯಿ ಟಿಕೆಟ್, ಎರಡು ಗಂಟೆ ನಿಲ್ಬಹುದು, ನೆರಳುಂಟು ಚಾ ಉಂಟು. ಗಾಡಿ ನಿಧಾನಕ್ಕೆ ಬರ್ತದೆ, ಹಾಗಾಗಿ ಮೊಬೈಲೂ ನಡೀತದೆ. ಆದ್ರೆ ಕಂಬ, ಬೋರ್ಡು, ಜನ, ಚೀಲ ಎಲ್ಲ ಅಡ್ಡ, ಮತ್ತೆ ನಾಲ್ಕು ದಿನಕ್ಕೆ ಎಲ್ಲ ಫೋಟೋ ಒಂದೇ ಥರ ಕಾಣ್ಲಿಕ್ಕೆ ಶುರುವಾಗ್ತದೆ. ಟ್ರೈಪಾಡ್ ತಗೊಂಡು ಹೋಗ್ಲೇಬೇಡಿ, ಅದು ಕಂಡ ಕೂಡ್ಲೇ ಶೂಟಿಂಗ್ ಅಂತ ಎಣಿಸ್ತಾರೆ. ಒಂದು ಸ್ಟೇಷನ್‌ನಲ್ಲಿ ರೈಲ್ವೆ ಪೊಲೀಸರು ನನ್ನ ಹತ್ರ ಇದ್ದ ಅಷ್ಟೂ ಫೋಟೋ ಅಳಿಸಿಸಿದ್ದಾರೆ, ಇನ್ನೊಂದರಲ್ಲಿ ಅದೇ ಯೂನಿಫಾರ್ಮಿನವರು ಪರಶುರಾಮ್ ಎಕ್ಸ್‌ಪ್ರೆಸ್ ಎಷ್ಟು ಲೇಟು ಅಂತ ತಾವೇ ವಿಚಾರಿಸಿ ಹೇಳಿದ್ದಾರೆ. ಅದು ಆ ದಿನದ ಯೋಗ. ಕೇಳಿದ್ರೆ ಮರ್ಯಾದೆಯಲ್ಲಿ ತೋರಿಸಿ, ಬೇಡ ಅಂದ್ರೆ ಬ್ಯಾಗಿಗೆ ಹಾಕಿ ಹೊರಡಿ.

ಗೇಟು ನನಗೆ ಎಲ್ಲಕ್ಕಿಂತ ಇಷ್ಟ. ಗೇಟು ಬಿದ್ದ ಮೇಲೆ ರಸ್ತೆಯಲ್ಲಿ, ಗೇಟಿನ ಹೊರಗೆ ನಿಲ್ಲುದು. ಆಪ್ ಸುಳ್ಳು ಹೇಳೀತು, ಗೇಟು ಹೇಳೋದಿಲ್ಲ, ಬಿತ್ತು ಅಂದ್ರೆ ಗಾಡಿ ಬಂತು. ಯಾವ ಕಡೆಯಿಂದ ಅಂತ ಮಾತ್ರ ಅದು ಹೇಳೋದಿಲ್ಲ, ಹೊಸಬರು ತೆಂಕಿಗೆ ಕ್ಯಾಮೆರಾ ಹಿಡಿದು ನಿಂತಿರ್ತಾರೆ, ಬೆನ್ನ ಹಿಂದಿನಿಂದ ಹಾರ್ನ್ ಕೇಳ್ತದೆ. ಸ್ಕೂಟರಿನವರು, ಮೀನಿನ ಗಾಡಿಯವರು, ಶಾಲೆ ಮಕ್ಕಳು ಎಲ್ಲ ಫ್ರೇಮಿನೊಳಗೆ ಬರ್ತಾರೆ, ಬರ್ಲಿ, ಹತ್ತು ವರ್ಷ ಬಿಟ್ಟು ನೋಡುವಾಗ ಎಂಜಿನ್‌ಗಿಂತ ಅವರೇ ಚಂದ ಕಾಣ್ತಾರೆ. ಈಗ ಒಂದೊಂದೇ ಗೇಟು ಮುಚ್ಚಿ ಮೇಲೆ ಸೇತುವೆಯೋ ಅಡಿಯಲ್ಲಿ ದಾರಿಯೋ ಆಗ್ತಾ ಉಂಟು, ನಾನು ಮೊದಲು ನಿಲ್ತಾ ಇದ್ದ ಜಾಗದಲ್ಲಿ ಈಗ ಕಾಂಕ್ರೀಟ್ ಗೋಡೆ. ಗೇಟಿನ ಫೋಟೋ ಬೇಕಿದ್ರೆ ಈಗಲೇ ತೆಗೀರಿ, ವಂದೇ ಭಾರತ್ ನಾಳೆಯೂ ಇರ್ತದೆ.

ಗೇಟಿನ ಕಷ್ಟ ಅಂದ್ರೆ ವೇಗ. ಗಂಟೆಗೆ ನೂರ ಹತ್ತು ಕಿಲೋಮೀಟರಲ್ಲಿ ಬರುವ ಗಾಡಿ ಸೆಕೆಂಡಿಗೆ ಮೂವತ್ತು ಮೀಟರ್ ಓಡ್ತದೆ. ಶಟರ್ (ಕ್ಯಾಮೆರಾ ಕಣ್ಣು ತೆರೆದಿರುವ ಹೊತ್ತು) ಸೆಕೆಂಡಿನ 1/500 ಇಟ್ರೆ ಅಷ್ಟರೊಳಗೆ ಗಾಡಿ 6 ಸೆಂಟಿಮೀಟರ್ ಮುಂದೆ ಹೋಗಿರ್ತದೆ, ಬೋಗಿ ಮೇಲಿನ ನಂಬರ್ ಓದ್ಲಿಕ್ಕಾಗೋದಿಲ್ಲ. 1/2000 ಇಟ್ರೆ ಒಂದೂವರೆ ಸೆಂಟಿಮೀಟರ್, ಅದು ಕಣ್ಣಿಗೆ ಬೀಳೋದಿಲ್ಲ. ಇದು ಗಾಡಿ ನಿಮ್ಮ ಎದುರು ಅಡ್ಡಕ್ಕೆ ಹೋಗುವಾಗಿನ ಲೆಕ್ಕ. ಓರೆಯಾಗಿ ನಿಮ್ಮ ಕಡೆಗೇ ಬರ್ತಾ ಇದ್ರೆ 1/800, 1/1000 ಸಾಕಾಗ್ತದೆ. ಬೇಕಂತಲೇ ನಿಧಾನ ಶಟರ್ ಇಟ್ಟು ಗಾಡಿ ಜೊತೆ ಕ್ಯಾಮೆರಾ ತಿರುಗಿಸುವ ಪ್ಯಾನಿಂಗ್ ಮಾಡ್ಬೇಕಿದ್ರೂ ಗೇಟು ಒಳ್ಳೆ ಜಾಗ, ಇಪ್ಪತ್ತರಲ್ಲಿ ಒಂದು ಸರಿ ಬರ್ತದೆ.

ಓವರ್ ಬ್ರಿಡ್ಜಿನಿಂದ ಇಡೀ ಗಾಡಿ ಬಾಲದವರೆಗೆ ಸಿಗ್ತದೆ, ತಿರುವು ಇದ್ರಂತೂ ಗಮ್ಮತ್ತು. ಆದ್ರೆ ವಿದ್ಯುತ್ ಲೈನ್ ಬಂದ ಮೇಲೆ ತಂತಿ ಸರಿಯಾಗಿ ಎಂಜಿನ್ ಮೂತಿ ಮೇಲೆ ಗೆರೆ ಎಳೆದ ಹಾಗೆ ಬರ್ತದೆ. ಎರಡು ಹೆಜ್ಜೆ ಎಡಕ್ಕೆ ಬಲಕ್ಕೆ ಸರಿದು ತಂತಿ ಗಾಜಿನ ಮೇಲೆ ಬಾರದ ಹಾಗೆ ನೋಡ್ಕೊಳ್ಬೇಕು, ಗಾಡಿ ಬರುವ ಮೊದಲೇ, ಖಾಲಿ ಹಳಿಯಲ್ಲಿ. ಆ ತಂತಿಯಲ್ಲಿ ಇರುದು ಇಪ್ಪತ್ತೈದು ಸಾವಿರ ವೋಲ್ಟ್. ಮುಟ್ಲೇಬೇಕು ಅಂತಿಲ್ಲ, ಹತ್ರ ಹೋದ್ರೂ ಎಳೀತದೆ. ಸೆಲ್ಫಿ ಕೋಲು, ಮಾನೋಪಾಡ್, ಒದ್ದೆ ಕೊಡೆ ಯಾವುದನ್ನೂ ಸೇತುವೆ ಗೋಡೆಯಿಂದ ಹೊರಗೆ ಚಾಚ್ಬೇಡಿ, ಜಾಲರಿ ಹಾಕಿದ್ದು ಸುಮ್ಮನೆ ಅಲ್ಲ.

ಹೊಳೆ ಬದಿ ನಮ್ಮ ಜಿಲ್ಲೆಯ ಸಂಪತ್ತು. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ, ಕಾರ್ಯಂಗೋಡು ಅಂತ ಹೊಳೆ ಮೇಲೆ ಹೊಳೆ, ಎಲ್ಲ ಮೂಡಿಂದ ಪಡುವಿಗೆ ಹರೀತವೆ, ರೈಲು ಅಡ್ಡ ದಾಟ್ತದೆ. ಸಂಜೆ ಸೇತುವೆಯ ಮೂಡು ಬದಿ ದಡದಲ್ಲಿ ನಿಂತ್ರೆ ಗಾಡಿ ಹಿಂದೆ ಸೂರ್ಯ, ಬೋಗಿ ಕಿಟಿಕಿಗಳ ಮೂಲಕ ಕೆಂಪು ಕಾಣ್ತದೆ, ಬರೀ ಕಪ್ಪು ಆಕಾರ ಸಾಕು. ಅಳಿವೆ ಬದಿಯಲ್ಲಿ ನಿಂತ್ರೆ ಬೋಗಿಯ ಬಣ್ಣ ಸಿಗ್ತದೆ. ಯಾವುದು ಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿ, ಯಾಕಂದ್ರೆ ಸೂರ್ಯ ಮುಳುಗುವ ಹೊತ್ತಿಗೆ ಆಚೆ ಬದಿಗೆ ಓಡ್ಲಿಕ್ಕೆ ದಾರಿ ಇರೋದಿಲ್ಲ. ಉಬ್ಬರ-ಇಳಿತ ಕೂಡ ನೋಡ್ಕೊಳ್ಳಿ, ಇಳಿತದಲ್ಲಿ ಕೆಸರು ಮತ್ತೆ ಕಂಬದ ಬುಡದ ಕೊಳೆ ಮಾತ್ರ ಕಾಣ್ತದೆ, ಉಬ್ಬರ ತುಂಬಿ ಗಾಳಿ ನಿಂತ ಹತ್ತು ನಿಮಿಷ ನೀರು ಕನ್ನಡಿ ಹಾಗೆ. ದೋಣಿಯವರ ಹತ್ರ ಕೇಳಿದ್ರೆ ಗಳಿಗೆ ಲೆಕ್ಕ ಸರಿಯಾಗಿ ಹೇಳ್ತಾರೆ. ಇಲ್ಲಿ ಗಾಡಿ ಫ್ರೇಮಲ್ಲಿ ಸಣ್ಣದಾಗಿ ಇರ್ತದೆ, ಹಾಗಾಗಿ ದುಬಾರಿ ಕ್ಯಾಮೆರಾದ ಅಗತ್ಯವೇ ಇಲ್ಲ. ನನ್ನ ಮನೆ ಗೋಡೆಯಲ್ಲಿ ಫ್ರೇಮ್ ಹಾಕಿದ್ದು ಮೊಬೈಲಲ್ಲಿ ತೆಗೆದ ಹೊಳೆ ಫೋಟೋ.

ಸೇತುವೆ ಮೇಲೆ ನಡೆದು ಹೋಗುದು, ಕಳನಾಡು ಸುರಂಗದ ಬಾಯಲ್ಲಿ ನಿಲ್ಲುದು, ಇದನ್ನು ನಾನು ಆಯ್ಕೆಯ ಪಟ್ಟಿಗೇ ಸೇರಿಸೋದಿಲ್ಲ. ರೈಲ್ವೆ ಕಾಯ್ದೆ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲೋ ಸಾವಿರ ರೂಪಾಯಿವರೆಗೆ ದಂಡವೋ ಎರಡೂವೋ ಆಗ್ಬಹುದು, ಅದಕ್ಕಿಂತ ದೊಡ್ಡದು ಕರೆಂಟಿನ ಗಾಡಿ ಸದ್ದಿಲ್ಲದೆ ಬರ್ತದೆ. ಡೀಸೆಲ್ ಕಾಲದಲ್ಲಿ ಒಂದು ಮೈಲಿ ದೂರದಿಂದ ಕೇಳ್ತಾ ಇತ್ತು.

ಈಗ ಕ್ಯಾಮೆರಾ

ಮೊಬೈಲ್: ಪ್ಲಾಟ್‌ಫಾರ್ಮಿಗೆ, ಹೊಳೆಗೆ, ವೀಡಿಯೋಕ್ಕೆ ಧಾರಾಳ ಸಾಕು. ಗೇಟಲ್ಲಿ ಸೋಲ್ತದೆ. ಆಟೋದಲ್ಲಿ ಬಿಟ್ರೆ ಅದು ತನ್ನ ಮನಸ್ಸಿಗೆ ಬಂದ ಶಟರ್ ಇಡ್ತದೆ, ಪ್ರೋ ಮೋಡ್ ಇದ್ರೆ ನೀವೇ 1/2000 ಇಡಿ. ಇನ್ನೊಂದು ಸಮಸ್ಯೆ, ಮೊಬೈಲ್ ಚಿತ್ರವನ್ನು ಒಂದೇ ಏಟಿಗೆ ತೆಗಿಯೋದಿಲ್ಲ, ಸಾಲು ಸಾಲಾಗಿ ಓದ್ತದೆ, ಅಷ್ಟರಲ್ಲಿ ಗಾಡಿ ಮುಂದೆ ಹೋಗಿರುದ್ರಿಂದ ಬೋಗಿಯ ನೇರ ಬಾಗಿಲು ಓರೆಯಾಗಿ ಬರ್ತದೆ. ಇದಕ್ಕೆ ಮದ್ದಿಲ್ಲ, ಅಡ್ಡಕ್ಕೆ ತೆಗಿಯೋದು ಬಿಟ್ಟು ಓರೆಯಿಂದ ತೆಗೀರಿ.

ಸೂಪರ್ ಝೂಮ್: ಪ್ಯಾನಾಸಾನಿಕ್ ಎಫ್‌ಝಡ್300, ನಿಕಾನ್ ಪಿ950 ಥರದ್ದು. ಲೆನ್ಸ್ ಬದಲಿಸುವ ರಗಳೆ ಇಲ್ಲ, ಅಂಗಡಿಯವ ಝೂಮ್ ಎಳೆದು ತೋರಿಸಿದ್ರೆ ಯಾರಾದ್ರೂ ಮರುಳಾಗ್ಬೇಕು. ಪಿ950 ಅಂತೂ 24ರಿಂದ 2000 ಮಿಲಿಮೀಟರ್. ಆದ್ರೆ ನಮ್ಮ ಕರಾವಳಿಯ ಬಿಸಿಲಲ್ಲಿ ಆ ಝೂಮ್ ಎಂತಕ್ಕೆ? ಹನ್ನೊಂದು ಗಂಟೆ ದಾಟಿದ್ರೆ ಜಲ್ಲಿಕಲ್ಲಿನ ಮೇಲೆ ಝಳ ಏಳ್ತದೆ, ಅರ್ಧ ಕಿಲೋಮೀಟರ್ ದೂರದ ಎಂಜಿನ್ ನೀರಲ್ಲಿ ನೋಡಿದ ಹಾಗೆ ನಡುಗ್ತದೆ, ಯಾವ ಲೆನ್ಸಿಗೂ ಅದನ್ನು ಸರಿ ಮಾಡ್ಲಿಕ್ಕಾಗೋದಿಲ್ಲ. ಮತ್ತೆ ಇವುಗಳ ಸೆನ್ಸರ್, ಅಂದ್ರೆ ಒಳಗೆ ಬೆಳಕು ಹಿಡಿಯುವ ಚಿಪ್ಪು, ಮೊಬೈಲಿನಷ್ಟೇ ಸಣ್ಣದು, ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸುವ ಕ್ಯಾಮೆರಾ) ಸೆನ್ಸರ್ ಅದರ ಹತ್ತು-ಹನ್ನೆರಡು ಪಟ್ಟು ದೊಡ್ಡದು, ಬೆಳಗ್ಗೆ ಆರೂಮುಕ್ಕಾಲಕ್ಕೆ ಆ ವ್ಯತ್ಯಾಸ ಗೊತ್ತಾಗ್ತದೆ. ಇದರಲ್ಲೇ ತಗೊಳ್ಳುದಾದ್ರೆ ನಾನು ಎಫ್‌ಝಡ್300 ಅಂತೇನೆ, ಝೂಮ್ 600ಕ್ಕೇ ನಿಲ್ತದೆ ಆದ್ರೆ ಅಲ್ಲಿಯವರೆಗೂ ಎಫ್ 2.8 ಬಿಡೋದಿಲ್ಲ, ಅಂದ್ರೆ ಝೂಮ್ ಎಳೆದ್ರೂ ಒಳಗೆ ಬರುವ ಬೆಳಕು ಕಡಿಮೆ ಆಗೋದಿಲ್ಲ, ಮೇಲಿಂದ ಪಿರಿಪಿರಿ ಮಳೆ ತಡೀತದೆ, ಜೂನ್‌ನಲ್ಲಿ ಅದೊಂದು ಗುಣಕ್ಕೇ ದುಡ್ಡು ಕೊಡ್ಬಹುದು.

ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್: ಗೇಟಿಗೂ ಓವರ್ ಬ್ರಿಡ್ಜಿಗೂ ನನ್ನ ಓಟು ಇದಕ್ಕೇ. ಎಲ್ಲರೂ ಒಳಗೆ ಕನ್ನಡಿ ಇಲ್ಲದ ಹೊಸ ಥರದ ಮಿರರ್‌ಲೆಸ್‌ಗೆ ಹೋಗಿರುದ್ರಿಂದ ಹಳೇದು ಅಗ್ಗದಲ್ಲಿ ಸಿಗ್ತದೆ. ಕ್ಯಾಮೆರಾ ಬಾಡಿಯ ಮೇಲೆ ಕಡಿಮೆ, ಲೆನ್ಸಿನ ಮೇಲೆ ಹೆಚ್ಚು ಖರ್ಚು ಮಾಡಿ. ಕ್ಯಾನನ್‌ನಲ್ಲಿ 55-250 ಎಸ್‌ಟಿಎಂ ಅಂತ ಒಂದು ಲೆನ್ಸುಂಟು, ಹಗುರ, ಫೋಕಸ್ ಚುರುಕು, ನಮ್ಮ ಲೈನಿಗೆ ಹೇಳಿ ಮಾಡಿಸಿದ್ದು. ನಿಕಾನ್‌ನವರು ಸ್ವಲ್ಪ ಜಾಗ್ರತೆ: ಡಿ3500, ಡಿ5600 ಬಾಡಿ ಒಳಗೆ ಫೋಕಸ್ ಮೋಟರ್ ಇಲ್ಲ, ಹಳೇ ಎಎಫ್-ಡಿ ಲೆನ್ಸ್ ಹಾಕಿದ್ರೆ ಕೈಯಲ್ಲೇ ತಿರುಗಿಸ್ಬೇಕು, ಡಿ3100, ಡಿ3200, ಡಿ5100 ತಗೊಂಡ್ರೆ ಹೊಸ ಎಎಫ್-ಪಿ ಲೆನ್ಸ್ ಫೋಕಸ್ ಆಗೋದೇ ಇಲ್ಲ. ಮಾರುವವರು ಇದನ್ನು ಹೇಳೋದಿಲ್ಲ.

ಮಿರರ್‌ಲೆಸ್ ಒಳ್ಳೇದೇ, ದುಡ್ಡಿದ್ರೆ ತಗೊಳ್ಳಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಮಾತ್ರ ಗೇಟಲ್ಲಿ ಬಳಸ್ಬೇಡಿ, ಹೆಚ್ಚಿನವುಗಳಲ್ಲಿ ಮೊಬೈಲಿನದ್ದೇ ಓರೆ ಬಾಗಿಲಿನ ಕತೆ.

ಯಾವ ಕ್ಯಾಮೆರಾ ಆದ್ರೂ ಎರಡು ಮಾತು. ಬಿಳಿ ವಂದೇ ಭಾರತ್ ಕಂಡ್ರೆ ಕ್ಯಾಮೆರಾ ಬೆಳಕು ಹೆಚ್ಚಾಯ್ತು ಅಂತ ತಿಳಿದು ಕತ್ತಲು ಮಾಡ್ತದೆ, ಹೆಡ್‌ಲೈಟ್ ಎದುರು ಬಂದ್ರೂ ಹಾಗೆಯೇ, ಅದಕ್ಕೆ ಮೊದಲೇ ಮ್ಯಾನುಯಲ್‌ನಲ್ಲಿ ಹುಲ್ಲಿನ ಮೇಲೆ ಬೆಳಕಿನ ಅಳತೆ ನೋಡಿ ಇಟ್ಕೊಳ್ಳಿ. ಮತ್ತೆ ಬೋಗಿಯ ಮೇಲಿನ ಎಲ್‌ಇಡಿ ಬೋರ್ಡು ನಮ್ಮ ಕಣ್ಣಿಗೆ ತಿಳಿಯದ ಹಾಗೆ ಮಿನುಗ್ತಾ ಇರ್ತದೆ, ವೇಗದ ಶಟರಲ್ಲಿ ಅರ್ಧ ಅಕ್ಷರ ಮಾಯ. ಊರ ಹೆಸರು ಓದುವ ಹಾಗೆ ಬೇಕಂದ್ರೆ ಪ್ಲಾಟ್‌ಫಾರ್ಮಲ್ಲಿ ಗಾಡಿ ನಿಂತಾಗ ನಿಧಾನ ಶಟರ್ ಇಟ್ಟು ತೆಗೀರಿ.

ಬೂಸ್ಟು

ಇದನ್ನು ಯಾವ ಕ್ಯಾಮೆರಾ ರಿವ್ಯೂನವರೂ ಹೇಳೋದಿಲ್ಲ, ಅವರೆಲ್ಲ ಒಣ ಊರಿನವರು. ಒಂದು ಮಳೆಗಾಲ ನಾನು ಲೆನ್ಸನ್ನು ಚರ್ಮದ ಬ್ಯಾಗಲ್ಲೇ ಕಪಾಟಿನೊಳಗೆ ಇಟ್ಟೆ, ಆಟಿ ಕಳೆದು ತೆಗೆದ್ರೆ ಹೊರಗಿಂದ ಚಂದ ಉಂಟು. ಟಾರ್ಚ್ ಹಿಡಿದು ಹಿಂದಿನಿಂದ ನೋಡಿದೆ, ಒಳಗಿನ ಗಾಜಿನ ಅಂಚಿಂದ ಮಧ್ಯಕ್ಕೆ ಬಿಳಿ ನೂಲಿನ ಹಾಗೆ ಕವಲೊಡೆದು ಹಬ್ಬಿತ್ತು, ಜೇಡನ ಬಲೆಗಿಂತ ತೆಳು. ರಿಪೇರಿಗೆ ಕೊಟ್ಟ ಕಡೆ ಆರು ವಾರ ಇಟ್ಟುಕೊಂಡು ಬೂಸ್ಟು ತೆಗೆದ್ರು, ಅದರ ಜೊತೆ ಗಾಜಿನ ಮೇಲಿನ ಲೇಪವನ್ನೂ ಒರೆಸಿ ಕೊಟ್ರು. ಈಗ ಆ ಲೆನ್ಸಲ್ಲಿ ಹೆಡ್‌ಲೈಟ್ ಎದುರು ಬಂದ್ರೆ ಇಡೀ ಫೋಟೋ ಹಾಲು ಚೆಲ್ಲಿದ ಹಾಗೆ. ಈಗ ನನ್ನದು ಹಪ್ಪಳ ಹಾಕುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಗಾಳಿ ಹೋಗದ ಮುಚ್ಚಳ, ಒಳಗೆ ಸಿಲಿಕಾ ಜೆಲ್ ಚೀಲ, ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕುದು. ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳ್ಳುವಾಗ ಟಾರ್ಚ್ ತಗೊಂಡೇ ಹೋಗಿ, ಅದರಲ್ಲೂ ನಮ್ಮ ಕರಾವಳಿಯವರ ಕೈಯಿಂದ ತಗೊಳ್ಳುದಾದ್ರೆ. ಬಯಲುಸೀಮೆಯವರದ್ದು ಸಿಕ್ಕಿದ್ರೆ ನೂರಿನ್ನೂರು ಹೆಚ್ಚಾದ್ರೂ ಅದನ್ನೇ ತಗೊಳ್ಳಿ.

ಊರಲ್ಲೇ ನಿಲ್ಲುದಾ, ಕೊಂಕಣಕ್ಕೆ ಹೋಗುದಾ, ಘಾಟಿಗಾ

ವರ್ಷಕ್ಕೆ ಒಂದು ಸಲ ಹೋಗುವವರಿಗೆ ಕೊಂಕಣ. 1998 ಜನವರಿ 26ಕ್ಕೆ ಪೂರ್ತಿ ತೆರೆದ ಲೈನು, ಹೆಚ್ಚಿನ ಕಡೆ ಇನ್ನೂ ಒಂದೇ ಹಳಿ, ಹಾಗಾಗಿ ಬೌಲ್ಡ್ ಆಗುವ ಭಯ ಇಲ್ಲ, ಸ್ಟೇಷನ್‌ನಲ್ಲಿ ಕೂತ್ರೆ ಎದುರು ಗಾಡಿಯ ಕ್ರಾಸಿಂಗ್‌ಗೆ ಗಾಡಿ ತಾನಾಗಿ ನಿಲ್ತದೆ. ಲಾರಿಗಳನ್ನೇ ಹೊತ್ತುಕೊಂಡು ಹೋಗುವ ರೋರೋ ಗಾಡಿ ನಮ್ಮಲ್ಲಿ ನೋಡ್ಲಿಕ್ಕೆ ಸಿಗೋದಿಲ್ಲ, ಸುರತ್ಕಲ್‌ವರೆಗೆ ಹೋದ್ರೆ ಸಿಗ್ತದೆ. ಮಳೆಗಾಲದಲ್ಲಿ ಅಲ್ಲಿ ಟೈಮ್ ಟೇಬಲ್ಲೇ ಬೇರೆ, ಅದರಿಂದ ನೇತ್ರಾವತಿ, ಮಂಗಳಾ ಎಕ್ಸ್‌ಪ್ರೆಸ್‌ಗಳು ನಮ್ಮಲ್ಲಿಗೆ ಬರುವ ಹೊತ್ತೂ ಬದಲಾಗ್ತದೆ, ಇದು ಗೊತ್ತಿಲ್ಲದೆ ಒಂದು ಸಲ ನಾನು ಮೂರು ತಾಸು ಕೊಡೆ ಹಿಡಿದು ನಿಂತಿದ್ದೇನೆ.

ಸುಬ್ರಹ್ಮಣ್ಯ-ಸಕಲೇಶಪುರ ಘಾಟಿಗೆ ಕ್ಯಾಮೆರಾಕ್ಕಿಂತ ಟಿಕೆಟ್ ಮುಖ್ಯ. ಸುಮಾರು 55 ಕಿಲೋಮೀಟರಲ್ಲಿ 57 ಸುರಂಗ, ಐವತ್ತು ಅಡಿ ಹೋದ್ರೆ ಒಂದು ಅಡಿ ಏರುವ ದಾರಿ, ನಿಧಾನಕ್ಕೆ ಹತ್ತುವ ಗಾಡಿ. ಮೊದಲು ಹಳಿ ಮೇಲೆ ಚಾರಣ ಹೋಗ್ತಾ ಇದ್ರು, ಅದು ಕಾನೂನಿಗೂ ಜೀವಕ್ಕೂ ಅಪಾಯ, ಹಗಲು ಗಾಡಿಯಲ್ಲಿ ಕೂತು ಕಿಟಿಕಿಯಿಂದ ತೆಗಿಯೋದೇ ಸರಿ. 2021 ಜುಲೈಯಿಂದ ವಿಸ್ಟಾಡೋಮ್ ಬೋಗಿ ಉಂಟು, ನೋಡ್ಲಿಕ್ಕೆ ಚಂದ, ಫೋಟೋಕ್ಕೆ ಗಾಜಿನ ಪ್ರತಿಬಿಂಬ ಬಂಙ. ನನಗೆ ಕೇಳಿದ್ರೆ ಎಸಿ ಇಲ್ಲದ ಬೋಗಿಯ ತೆರೆದ ಕಿಟಿಕಿ ಸೀಟೇ ಮೇಲು, ತಿರುವಲ್ಲಿ ನಿಮ್ಮ ಗಾಡಿಯ ಎಂಜಿನ್ನೇ ಕಾಣ್ತದೆ, ಬಾಗಿಲಲ್ಲಿ ನೇತಾಡುವ ಅಗತ್ಯವೇ ಇಲ್ಲ.

ಆದ್ರೆ ಫೋಟೋ ತೆಗಿಯೋದು ಕಲಿಯುದಾದ್ರೆ ಮನೆ ಹತ್ರದ ಒಂದು ಗೇಟು ಸಾಕು, ಒಂದೇ ಜಾಗಕ್ಕೆ ಐವತ್ತು ಸಲ ಹೋಗಿ.

ಅಳಿಯ ಕೊನೆಗೆ ಏನೂ ತಗೊಳ್ಳಲಿಲ್ಲ, ನನ್ನ ಹಳೇ ಬಾಡಿಯನ್ನೇ ಕೊಟ್ಟು ಹೋದ ಆದಿತ್ಯವಾರ ಬೆಳಗ್ಗೆ ಗೇಟಿಗೆ ಕರ್ಕೊಂಡು ಹೋದೆ. ಕೇಸರಿ ಗಾಡಿಗೆ ಅಂತ ಹೋದದ್ದು. ನಾನು ಮೂಡು ಬದಿ ಕಟ್ಟಪುಣಿ ಮೇಲೆ ನಿಂತೆ, ಅವನು ಪಡು ಬದಿ, ಯಾಕಂದ್ರೆ ಅಲ್ಲಿ ಚಾದ ಅಂಗಡಿ ಉಂಟು ಮತ್ತೆ ಹೆಂಚಿನ ಮನೆ ಒಟ್ಟಿಗೆ ಬರ್ತದಂತೆ. ಗೇಟು ಬಿತ್ತು. ತೆಂಕಿನಿಂದ ಹಾರ್ನು, ನಿಧಾನಕ್ಕೆ ಒಂದು ಕಂಟೇನರ್ ಗೂಡ್ಸು ಬಂತು, ಅದರ ಎಂಜಿನ್ ಅವನ ಎದುರು ದಾಟುವ ಹೊತ್ತಿಗೆ ಬಡಗಿನಿಂದ ಇನ್ನೊಂದು ಹಾರ್ನು. ನನಗೆ ಹದಿನಾಲ್ಕು ಫೋಟೋ ಸಿಕ್ಕಿತು, ಮೂತಿ ಮೇಲೆ ಎಳೆ ಬಿಸಿಲು. ಅವನ ಕ್ಯಾಮೆರಾದಲ್ಲಿ ನೀಲಿ ಪೆಟ್ಟಿಗೆ, ಕಂದು ಪೆಟ್ಟಿಗೆ, ಎರಡು ಪೆಟ್ಟಿಗೆಗಳ ಸಂದಿಯಲ್ಲಿ ಬೆರಳಗಲ ಕೇಸರಿ. ಗೇಟು ಎದ್ದ ಮೇಲೆ ಹಳಿ ದಾಟಿ ನನ್ನ ಹತ್ರ ಬಂದು, ನಾನು ಎಂತ ಹೇಳ್ತೇನೆ ಅಂತ ಮುಖ ನೋಡಿ, "ಮಾವ, ಬರುವ ವಾರ ನಾನು ಚಾ ಮನೆಯಿಂದಲೇ ಕುಡ್ಕೊಂಡು ಬರ್ತೇನೆ" ಅಂದ.